ಲಿವರ್‌ನಲ್ಲಿ ಸಿಸ್ಟ್ ಗಡ್ಡೆ: ಬಯಾಪ್ಸಿ ಇಲ್ಲದೆ ಆಪರೇಷನ್ ಯಾಕೆ?

ಪ್ರಶ್ನೆ: ಡಾಕ್ಟರೇ, ನನ್ನ ಅಕ್ಕನಿಗೆ 47 ವರ್ಷ. ಹೊಟ್ಟೆ ಭಾರ, ಸ್ವಲ್ಪ ಊಟ ಮಾಡಿದರೂ ತುಂಬಿದ ಹಾಗೆ. ಸ್ಕ್ಯಾನ್‌ನಲ್ಲಿ ಲಿವರ್‌ನ ಎಡಭಾಗದಲ್ಲಿ 9 ಸೆಂ.ಮೀ. ಸಿಸ್ಟ್ ಇದೆ, ಒಳಗೆ ಅಡ್ಡಗೋಡೆಗಳಿವೆ ಅಂತ ಬಂದಿದೆ. ಹಿಂದೊಮ್ಮೆ ಇದೇ ಸಿಸ್ಟ್‌ನ ನೀರು ತೆಗೆದಿದ್ದರು, ಆ ನೀರಿನಲ್ಲಿ ಕ್ಯಾನ್ಸರ್ ಕಣ ಇಲ್ಲ ಅಂದಿದ್ದರು. ಈಗ ಮತ್ತೆ ತುಂಬಿಕೊಂಡಿದೆ. ಸರ್ಜನ್ ನೋಡಿದರೆ ಬಯಾಪ್ಸಿಯೂ ಬೇಡ, ಲಿವರ್‌ನ ಆ ಭಾಗವನ್ನೇ ತೆಗೆಯೋಣ ಅನ್ನುತ್ತಾರೆ. ಇದು ಸರೀನಾ?

ಉತ್ತರ: ನಿಮ್ಮ ಅನುಮಾನ ಸಹಜ. ಬೇರೆ ಕಡೆ ಗಡ್ಡೆ ಕಂಡರೆ ಮೊದಲು ಚೂರು ತೆಗೆದು ನೋಡುತ್ತಾರೆ, ಆಪರೇಷನ್ ಆಮೇಲೆ. ಲಿವರ್‌ನ ಸಿಸ್ಟ್ ಗಡ್ಡೆಯ ವಿಷಯದಲ್ಲಿ ಈ ಕ್ರಮ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಸರ್ಜನ್ ಅನುಮಾನ ಪಡುತ್ತಿರುವುದು ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ, ಅಂದರೆ ಮುಂದೆ ಕ್ಯಾನ್ಸರ್ ಆಗಿ ತಿರುಗಬಹುದಾದ ಒಂದು ಬಗೆಯ ಸಿಸ್ಟ್ ಗಡ್ಡೆಯ ಬಗ್ಗೆ ಇರಬೇಕು. ಹಳೆಯ ರಿಪೋರ್ಟ್‌ಗಳಲ್ಲಿ ಇದನ್ನು ಬಿಲಿಯರಿ ಸಿಸ್ಟಡಿನೋಮಾ ಅಂತ ಬರೆಯುತ್ತಿದ್ದರು, 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬದಲಾಯಿತು. ತುಂಬಾ ಅಪರೂಪದ್ದು. ಹೆಚ್ಚುಕಡಿಮೆ ಹೆಂಗಸರಿಗೇ ಬರುತ್ತದೆ, ಅದೂ ನಡುವಯಸ್ಸಿನಲ್ಲಿ, ಲಿವರ್‌ನ ಎಡಭಾಗದಲ್ಲಿ ಜಾಸ್ತಿ, ಸಾಮಾನ್ಯವಾಗಿ ಒಂದೇ ಒಂದು. ನಿಮ್ಮ ಅಕ್ಕನ ವಿವರ ಇದಕ್ಕೆ ಹೊಂದುತ್ತದೆ ಅಲ್ವಾ? ಆದರೂ ಅಡ್ಡಗೋಡೆ ಕಂಡ ತಕ್ಷಣ ಇದೇ ಗಡ್ಡೆ ಅನ್ನುವ ಹಾಗಿಲ್ಲ. ಸಾದಾ ಸಿಸ್ಟ್ ಒಳಗೆ ರಕ್ತ ಸುರಿದು ಹೆಪ್ಪುಗಟ್ಟಿದರೂ ಸ್ಕ್ಯಾನ್‌ನಲ್ಲಿ ಪರದೆ, ಗಂಟುಗಳಿದ್ದ ಹಾಗೆ ಕಾಣುತ್ತದೆ. ಅದಕ್ಕೇ ಎಂಆರ್‌ಐ ಬೇಕು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟಾಗ ಹೆಪ್ಪುಗಟ್ಟಿದ ರಕ್ತ ಬೆಳಗುವುದಿಲ್ಲ, ಜೀವಂತ ಗಂಟು ಬೆಳಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಅಡ್ಡಗೋಡೆ ಎಲ್ಲಿಂದ ಹೊರಟಿದೆ ಅಂತ ನೋಡಬೇಕು. ಹೊರಗೋಡೆ ಒಳಕ್ಕೆ ತಗ್ಗಿದ ಜಾಗದಿಂದ ಹೊರಟಿದ್ದರೆ ಅದು ಹೆಚ್ಚಾಗಿ ಸಾದಾ ಸಿಸ್ಟ್, ಹೊರಗೋಡೆ ನುಣ್ಣಗಿದ್ದು ಅಲ್ಲಿಂದಲೇ ಪರದೆ ಎದ್ದಿದ್ದರೆ ಈ ಗಡ್ಡೆಯ ಅನುಮಾನ ಬಲವಾಗುತ್ತದೆ. ಎಂಆರ್‌ಐ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಇನ್ನು ಸೂಜಿಯ ಮಾತು. ನಾನು ಪೆಥಾಲಜಿಸ್ಟ್, ಆ ನೀರನ್ನು ಸ್ಲೈಡ್ ಮೇಲೆ ನೋಡುವ ಕೆಲಸ ನನ್ನಂಥವರದು. ಅದರಲ್ಲಿ ಎಷ್ಟೋ ಸಲ ಓದುವುದಕ್ಕೆ ಬೇಕಾದಷ್ಟು ಜೀವಕೋಶಗಳೇ ಇರುವುದಿಲ್ಲ. ಈ ಗಡ್ಡೆಯ ಗುರುತು ಇರುವುದು ಗೋಡೆಯಲ್ಲಿ, ನೀರಿನಲ್ಲಿ ಅಲ್ಲ. ಗೋಡೆಯ ಚೂರು ತೆಗೆದರೂ ಅಷ್ಟೇ, 9 ಸೆಂ.ಮೀ. ಗಡ್ಡೆಯಲ್ಲಿ ಕ್ಯಾನ್ಸರ್ ಆಗಿ ತಿರುಗಿದ ಜಾಗ ಒಂದು ಮೂಲೆಯಲ್ಲಿ ಮಾತ್ರ ಇರಬಹುದು, ಸೂಜಿ ಇನ್ನೊಂದು ಮೂಲೆಗೆ ಹೋಗಿರಬಹುದು. ಹಾಗಾಗಿ ‘ಕ್ಯಾನ್ಸರ್ ಕಣ ಇಲ್ಲ’ ಅನ್ನುವ ಆ ಹಳೆಯ ರಿಪೋರ್ಟ್ ಮೇಲೆ ಭಾರ ಹಾಕಬೇಡಿ. ಸಿಇಎ, ಸಿಎ 19-9 ಅನ್ನುವ ಕ್ಯಾನ್ಸರ್ ಸುಳಿವಿನ ಪರೀಕ್ಷೆಗಳೂ ತೀರ್ಮಾನ ಹೇಳುವುದಿಲ್ಲ, ಏನೂ ತೊಂದರೆಯಿಲ್ಲದ ಸಾದಾ ಸಿಸ್ಟ್‌ನ ನೀರಿನಲ್ಲೂ ಸಿಎ 19-9 ವಿಪರೀತ ಏರಿರುತ್ತದೆ. ಮೇಲಾಗಿ ಚುಚ್ಚುವುದರಲ್ಲಿ ಅಪಾಯವೂ ಇದೆ. ಒಳಗೆ ಕ್ಯಾನ್ಸರ್ ಇದ್ದರೆ ಕಣಗಳು ಹೊಟ್ಟೆಯೊಳಗೆ ಚೆಲ್ಲಬಹುದು. ಅದು ಹೈಡಾಟಿಡ್ ಸಿಸ್ಟ್ ಆಗಿದ್ದರೆ, ಅಂದರೆ ನಾಯಿಯ ಕರುಳಿನ ಲಾಡಿಹುಳದ ಮೊಟ್ಟೆಯಿಂದ ಬರುವಂಥದ್ದು, ಸಿದ್ಧತೆ ಇಲ್ಲದೆ ಚುಚ್ಚಿದಾಗ ನೀರು ಸೋರಿ ಜೀವಕ್ಕೇ ಅಪಾಯ ತರುವ ಅಲರ್ಜಿ ಆಗಬಹುದು. ಅದರ ರಕ್ತಪರೀಕ್ಷೆ ಆಗಿದೆಯಾ ಅಂತ ದಯವಿಟ್ಟು ಕೇಳಿ.

ಮತ್ತೆ ತುಂಬಿಕೊಂಡಿದ್ದರಿಂದಲೇ ಹೆದರಬೇಕಾಗಿಲ್ಲ, ಸಾದಾ ಸಿಸ್ಟ್ ಕೂಡ ಬರೀ ನೀರು ತೆಗೆದರೆ ತುಂಬಿಕೊಳ್ಳುತ್ತದೆ. ಆದರೆ ಇದು ಮ್ಯೂಸಿನಸ್ ಗಡ್ಡೆಯೇ ಆಗಿದ್ದರೆ ಮೇಲಿನ ಗೋಡೆ ಮಾತ್ರ ಕತ್ತರಿಸಿ ಬಿಟ್ಟರೆ ಸಾಲದು, ಉಳಿದ ಒಳಪದರದಿಂದ ಮತ್ತೆ ಬೆಳೆಯುತ್ತದೆ. ಪೂರ್ತಿ ಬರಬೇಕು. ಎಂಆರ್‌ಐ ಸಹ ಅದನ್ನೇ ಹೇಳಿದರೆ ನಿಮ್ಮ ಸರ್ಜನ್ ಹೇಳಿದ್ದು ಸರಿ.

ಪ್ರಶ್ನೆ: ತಂಗಿಗೆ ಇಂಥದೇ ಗಡ್ಡೆ ತೆಗೆದರು. ಪೆಥಾಲಜಿ ರಿಪೋರ್ಟ್‌ನಲ್ಲಿ ‘ಅಂಡಾಶಯದ ಮಾದರಿಯ ಸ್ಟ್ರೋಮಾ ಇದೆ, ಲೋ ಗ್ರೇಡ್’ ಅಂತಿದೆ. ಹಾಗಾದರೆ ಅಂಡಾಶಯದಿಂದ ಲಿವರ್‌ಗೆ ಹರಡಿದೆಯಾ? ಮನೆಯಲ್ಲಿ ಎಲ್ಲರಿಗೂ ಭಯವಾಗಿದೆ.

ಉತ್ತರ: ಇಲ್ಲ ಕಣಮ್ಮಾ, ಹರಡಿದ್ದಲ್ಲ. ಮೊದಲು ಆ ಭಯ ಬಿಡಿ. ಸ್ಟ್ರೋಮಾ ಅಂದರೆ ಆಧಾರವಾಗಿರುವ ಅಂಗಾಂಶ. ಗಡ್ಡೆಯ ಒಳಪದರದ ಕೆಳಗೆ ಉದ್ದುದ್ದ ಜೀವಕೋಶಗಳು ಒತ್ತೊತ್ತಾಗಿ ಇರುತ್ತವೆ, ನೋಡುವುದಕ್ಕೆ ಅಂಡಾಶಯದ ಅಂಗಾಂಶದ ಹಾಗೇ ಇರುತ್ತವೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹೆಣ್ಣು ಹಾರ್ಮೋನುಗಳ ರಿಸೆಪ್ಟರ್ (ಗ್ರಾಹಿ) ಗುರುತಿಸುವ ಬಣ್ಣಗಳನ್ನೂ ಹಿಡಿಯುತ್ತವೆ. ಇದು ಕಂಡರೆ ಮಾತ್ರ ನಾವು ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ ಅಂತ ಬರೆಯಬಹುದು, ಕಾಣದಿದ್ದರೆ ಬೇರೆ ಹೆಸರು ಹುಡುಕಬೇಕು. ಮೇದೋಜೀರಕ ಗ್ರಂಥಿಯಲ್ಲೂ ಇಂಥದೇ ಗಡ್ಡೆ, ಇಂಥದೇ ಸ್ಟ್ರೋಮಾ ಬರುತ್ತದೆ. ಭ್ರೂಣದಲ್ಲಿ ಅಂಡಾಶಯವೂ ಈ ಅಂಗಗಳೂ ಹತ್ತಿರ ಹತ್ತಿರ ಬೆಳೆಯುವಾಗ ಅಂಡಾಶಯದ ಕೆಲವು ಕೋಶಗಳು ಇಲ್ಲೇ ಉಳಿದುಬಿಡುತ್ತವೆ ಅನ್ನುವುದು ಒಂದು ಊಹೆ.

ಲೋ ಗ್ರೇಡ್, ಅಂದರೆ ಕೋಶಗಳಲ್ಲಿ ಬದಲಾವಣೆ ಕಡಿಮೆ ಅನ್ನುವುದು ಒಳ್ಳೆ ಸುದ್ದಿ. ಎರಡು ವಿಷಯ ಕೇಳಿ ತಿಳಿದುಕೊಳ್ಳಿ: ಅಂಚಿನಲ್ಲಿ ಗಡ್ಡೆ ಉಳಿದಿಲ್ಲ ಅಂತ ಬರೆದಿದ್ದಾರಾ, ಗೋಡೆಯಿಂದ ಎಷ್ಟು ಚೂರು ತೆಗೆದು ನೋಡಿದ್ದಾರೆ. ಎರಡನೆಯದು ನನಗೆ ಬಹಳ ಮುಖ್ಯ. ಗಂಟು ಗಂಟಾದ, ದಪ್ಪನೆಯ ಜಾಗವನ್ನೆಲ್ಲ ನೋಡಿದ್ದರೆ ಮಾತ್ರ ‘ಕ್ಯಾನ್ಸರ್ ಇಲ್ಲ’ ಅನ್ನುವ ಮಾತಿಗೆ ತೂಕ. ಎರಡಕ್ಕೂ ಸರಿಯಾದ ಉತ್ತರ ಸಿಕ್ಕರೆ, ತಂಗಿಗೆ ಮುಂದೆ ಕೀಮೋ ಏನೂ ಬೇಕಾಗುವುದಿಲ್ಲ.

ಪ್ರಶ್ನೆ: ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಅಪ್ಪನ ಲಿವರ್‌ನಲ್ಲಿ 2 ಸೆಂ.ಮೀ. ಸಾದಾ ಸಿಸ್ಟ್ ಕಂಡಿದೆ. ತೆಗೆಸಬೇಕಾ?

ಉತ್ತರ: ಬೇಡ. ತೊಂದರೆ ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ, ಪದೇಪದೇ ಸ್ಕ್ಯಾನ್ ಕೂಡ ಬೇಕಿಲ್ಲ.

ಪ್ರಶ್ನೆ: ನಮ್ಮ ಭಾವನಿಗೆ 60 ದಾಟಿದೆ. ಕಾಮಾಲೆ ಬಂದು ಹೋಗಿ ಮಾಡುತ್ತಿತ್ತು, ಪರೀಕ್ಷೆಯಲ್ಲಿ ಲಿವರ್‌ನಲ್ಲಿ ಸಿಸ್ಟ್ ಗಡ್ಡೆ ಇದೆ, ಅದು ಪಿತ್ತನಾಳಕ್ಕೆ ಸೇರಿಕೊಂಡಿದೆ ಅಂದರು. ಗಂಡಸರಿಗೂ ಇದು ಬರುತ್ತದಾ?

ಉತ್ತರ: ನೀವು ಹೇಳುತ್ತಿರುವುದು ಬಹುಶಃ ಇನ್ನೊಂದು ಗಡ್ಡೆ. ಪಿತ್ತನಾಳದ ಒಳಗೇ ಕುಚ್ಚು ಕುಚ್ಚಾಗಿ ಬೆಳೆದು, ನಾಳವನ್ನು ಉಬ್ಬಿಸಿ ಸಿಸ್ಟ್‌ನಂತೆ ಕಾಣಿಸುವ ಪ್ಯಾಪಿಲರಿ ನಿಯೋಪ್ಲಾಸಂ. ಗಂಡಸರು, ಹೆಂಗಸರು ಇಬ್ಬರಿಗೂ ಬರುತ್ತದೆ, ಅಂಡಾಶಯದ ಮಾದರಿಯ ಸ್ಟ್ರೋಮಾ ಇದರಲ್ಲಿ ಇರುವುದಿಲ್ಲ. ನಾಳಕ್ಕೆ ಸೇರಿಕೊಂಡಿರುವುದೇ ಇದರ ದೊಡ್ಡ ಸುಳಿವು. ಲೋಳೆ ಕೆಳಗಿಳಿದು ನಾಳ ಕಟ್ಟಿಕೊಂಡಾಗ ಕಾಮಾಲೆ, ಬಿಟ್ಟುಕೊಂಡಾಗ ಕಡಿಮೆ. ಇದರಲ್ಲಿ ಕ್ಯಾನ್ಸರ್ ಆಗಿರುವ ಸಾಧ್ಯತೆ ಮೊದಲಿನದಕ್ಕಿಂತ ಜಾಸ್ತಿ, ಹಾಗಾಗಿ ತಡಮಾಡಬೇಡಿ. ಆಪರೇಷನ್‌ಗೆ ಮೊದಲು ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ) ಮಾಡಿಸಿ ಉಳಿದ ನಾಳಗಳನ್ನೂ ನೋಡಬೇಕು, ಯಾಕೆಂದರೆ ಇದು ಒಂದಕ್ಕಿಂತ ಹೆಚ್ಚು ಕಡೆ ಇರಬಹುದು. ಜ್ವರ, ಚಳಿ, ಕಾಮಾಲೆ ಒಟ್ಟಿಗೆ ಬಂದರೆ ಪಿತ್ತನಾಳದಲ್ಲಿ ಸೋಂಕು ಅಂತಲೇ ತಿಳಿದು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.