ಕಾರಿಲ್ಲದೆ ಡ್ರ್ಯಾಗನ್ ಕಾನ್‌ಗೆ

ಪ್ರಶ್ನೆ: ಅಟ್ಲಾಂಟದ ಡ್ರ್ಯಾಗನ್ ಕಾನ್‌ಗೆ (ಕಾಮಿಕ್ಸ್, ವೈಜ್ಞಾನಿಕ ಕಥೆಗಳ ಅಭಿಮಾನಿಗಳು ವೇಷ ತೊಟ್ಟು ಸೇರುವ ಮೇಳ) ಹೊರಟಿದ್ದೇನೆ. ವೇಷದ ಪೆಟ್ಟಿಗೆಯೂ ಇದೆ. ಕಾರಿಲ್ಲದೆ ಮ್ಯಾರಿಯಟ್ ಮಾರ್ಕ್ವಿಸ್ ಹೋಟೆಲ್ ತಲುಪಬಹುದೇ?

ಉತ್ತರ: ಧಾರಾಳವಾಗಿ. ಊರಿನ ಮೆಟ್ರೊ ಆದ ಮಾರ್ಟಾ ರೈಲು ಹೊರಡುವುದು ವಿಮಾನ ನಿಲ್ದಾಣದ ಡೊಮೆಸ್ಟಿಕ್ ಟರ್ಮಿನಲ್‌ನಿಂದ. ಹೊರದೇಶದಿಂದ ಬಂದವರು ಹೊರಬರುವುದು ಇಂಟರ್‌ನ್ಯಾಷನಲ್ ಟರ್ಮಿನಲ್‌ನಲ್ಲಿ, ಎಡವುವುದೇ ಇಲ್ಲಿ. ಅಲ್ಲಿಂದ ಉಚಿತ ಶಟಲ್ ಬಸ್ ಹಿಡಿದು ಡೊಮೆಸ್ಟಿಕ್‌ಗೆ ಬನ್ನಿ. ರೆಡ್ ಅಥವಾ ಗೋಲ್ಡ್ ಲೈನ್ ಹತ್ತಿ ಪೀಚ್‌ಟ್ರೀ ಸೆಂಟರ್‌ನಲ್ಲಿ ಇಳಿಯಿರಿ: ಸುಮಾರು 20 ನಿಮಿಷ, 2.50 ಡಾಲರ್. ರಾತ್ರಿ ತಡವಾದರೆ ರೆಡ್ ಲೈನ್ ವಿಮಾನ ನಿಲ್ದಾಣದವರೆಗೆ ಬರುವುದಿಲ್ಲ, ಗೋಲ್ಡ್‌ಗೇ ಕಾಯಿರಿ. ಪೀಚ್‌ಟ್ರೀ ನಿಲ್ದಾಣ ಬಂಡೆ ಕೊರೆದು ಮಾಡಿದ್ದು, ಸುಮಾರು 120 ಅಡಿ ಆಳ. ಗೋಡೆಯಲ್ಲಿ ಕಲ್ಲು ಹಾಗೇ ಕಾಣುತ್ತದೆ. ಎಸ್ಕಲೇಟರ್ ಬಲು ಉದ್ದ, ಪೆಟ್ಟಿಗೆಗೆ ಲಿಫ್ಟೇ ಸರಿ. ಮೇಳ ನಡೆಯುವ ಹಯಾಟ್, ಮ್ಯಾರಿಯಟ್, ಹಿಲ್ಟನ್ ಹೋಟೆಲ್‌ಗಳ ನಡುವೆ ಮೇಲ್ಸೇತುವೆಗಳಿವೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭದ ಸೆಕೆಯಲ್ಲಿ ವೇಷ ತೊಟ್ಟವರಿಗೆ ಅದು ನಿಜಕ್ಕೂ ವರ.