ಡಿಜೆಗೆ ಕಸ್ಟಮ್ ಮಿಡಿ ಕಂಟ್ರೋಲರ್ ಮಾಡಿಸಲು ₹22,000 ಕೇಳುತ್ತಿದ್ದಾರೆ, ಇದು ಸರಿಯಾದ ರೇಟೇ?

ಲ್ಯಾಪ್‌ಟಾಪಿನ ಡಿಜೆ ಸಾಫ್ಟ್‌ವೇರ್‌ ಅನ್ನು ಕೈಯಿಂದ ನಡೆಸುವ ಡಬ್ಬಿ ಇದು: 12 ನಾಬ್ (ತಿರುಗಿಸುವ ಗುಂಡಿ), 4 ಫೇಡರ್ (ಜಾರಿಸುವ ಹಿಡಿ), ಲೈಟ್ ಇರುವ 16 ಬಟನ್. ಇಷ್ಟಕ್ಕೆ ದಾವಣಗೆರೆಯಲ್ಲೇ ಒಬ್ಬರು 22,000 ಹೇಳಿದ್ದಾರೆ, ಸಾಮಾನಿಗೇ ಅಷ್ಟಾಗುತ್ತದಾ ಎಂದು ಕೇಳಿದ್ದೀರಿ. ಸಾಮಾನಿಗೆ ಅಷ್ಟಾಗುವುದಿಲ್ಲ. ಒಳ್ಳೆಯ ಬಿಡಿಭಾಗ ಹಾಕಿದರೂ ಪ್ಯಾನೆಲ್ ಸೇರಿ ಎಂಟರಿಂದ ಒಂಬತ್ತು ಸಾವಿರ. ಮಿಕ್ಕದ್ದು ಕೈಕೆಲಸ ಮತ್ತು ಕೋಡ್. ಆ ಎರಡು ಗಟ್ಟಿಯಾಗಿದ್ದರೆ 22,000 ನನ್ನ ಲೆಕ್ಕದಲ್ಲಿ ಹೆಚ್ಚಲ್ಲ.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಇಂಥ ಡಬ್ಬಿಯಲ್ಲಿ ಸೌಂಡ್ ಕಾರ್ಡ್ ಇರುವುದಿಲ್ಲ. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಬೇಕೆಂದರೆ ಬೇರೆ ಆಡಿಯೋ ಇಂಟರ್ಫೇಸ್ ಬೇಕು. ಸೆರಾಟೋ ಎಂಬ ಡಿಜೆ ಸಾಫ್ಟ್‌ವೇರ್ ಬಳಸುವವರಾದರೆ ಇದನ್ನು ಪಕ್ಕದ ಹೆಚ್ಚುವರಿ ಕಂಟ್ರೋಲರ್ ಆಗಿ ಮಾತ್ರ ಜೋಡಿಸಬಹುದು. ಮಿಕ್ಸ್ (Mixxx), ಏಬಲ್ಟನ್ ಲೈವ್ ಸಾಫ್ಟ್‌ವೇರ್‌ಗಳಲ್ಲಿ ಆ ತಕರಾರಿಲ್ಲ. ಹಾಗಾಗಿ ನಿಮ್ಮ ಹತ್ತಿರ ಈಗ ಬೇರೆ ಕಂಟ್ರೋಲರ್ ಇಲ್ಲವಾದರೆ ಕಸ್ಟಮ್ ಬೇಡ. ಸೌಂಡ್ ಕಾರ್ಡ್ ಒಳಗೇ ಇರುವ ಸಿದ್ಧ ಮಾಡೆಲ್ ಕೊಳ್ಳಿ. ಎಫೆಕ್ಟ್, ಲೂಪ್, ಸ್ಯಾಂಪಲ್‌ಗಳಿಗೆ ಎರಡನೇ ಡಬ್ಬಿ ಬೇಕೆಂದರೆ ಮುಂದೆ ಓದಿ.

ಸಾಮಾನಿನ ಲೆಕ್ಕ ಹೀಗೆ. ರೇಟು ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಡಬ್ಬಿಯ ಮಿದುಳಾದ, ಎಟಿಮೆಗಾ 32ಯು4 ಚಿಪ್ ಇರುವ ಪ್ರೋ ಮೈಕ್ರೋ ಬೋರ್ಡ್ 600, ಹಲವು ನಾಬ್‌ಗಳನ್ನು ಒಂದೇ ಪಿನ್ನಿಂದ ಸರದಿಯಾಗಿ ಓದಿಸುವ 16 ಚಾನೆಲ್‌ನ 4067 ಮಲ್ಟಿಪ್ಲೆಕ್ಸರ್ 130. ನಿಮ್ಮ 12 ನಾಬ್, 4 ಫೇಡರ್ ಸೇರಿ ಸರಿಯಾಗಿ 16, ಒಂದೇ ಮಲ್ಟಿಪ್ಲೆಕ್ಸರ್ ಸಾಕು. ಇನ್ನೊಂದು ನಾಬ್ ಸೇರಿಸಿದರೆ ಅದಕ್ಕೆ ಇದರಲ್ಲಿ ಜಾಗವಿಲ್ಲ, ಆದ್ದರಿಂದ ಈ ಲೇಔಟ್ ಬದಲಿಸಬೇಡಿ. ನಾಬ್‌ನ ಕೆಳಗಿರುವ ಭಾಗವಾದ ಪಾಟ್ (ಪೊಟೆನ್ಶಿಯೋಮೀಟರ್), ಒಳ್ಳೆಯ ಕಂಪನಿಯ 10ಕೆ ತಲಾ 120ರಂತೆ 1,440, ಮೇಲಿನ ಟೋಪಿಗಳಿಗೆ 500. 60 ಮಿ.ಮೀ. ಫೇಡರ್ ತಲಾ 350, ನಾಲ್ಕಕ್ಕೆ 1,400. 24 ಮಿ.ಮೀ. ಆರ್ಕೇಡ್ ಬಟನ್ 16ಕ್ಕೆ 1,300. ಎಲ್‌ಇಡಿ, ಡಯೋಡ್, ವೈರ್, ಸ್ಕ್ರೂ, ಸಾಕೆಟ್ ಎಲ್ಲ ಸೇರಿ 900. ಅಕ್ರಿಲಿಕ್ ಪ್ಯಾನೆಲ್ ಮತ್ತು ಡಬ್ಬಿಗೆ 2,000.

ಇಪ್ಪತ್ತು ರೂಪಾಯಿಯ ಪಾಟ್ ಹಾಕಿ ಖರ್ಚು ಇನ್ನಷ್ಟು ಇಳಿಸಬಹುದು, ಆದರೆ ಬೇಗನೆ ಸಂಖ್ಯೆ ಎಗರಾಡಲು ಶುರುವಾಗುತ್ತದೆ. ಗಣಪತಿ ಮೆರವಣಿಗೆಯ ಧೂಳು, ಬಣ್ಣದ ಪುಡಿ ಫೇಡರ್‌ನ ಸಂದಿಯಲ್ಲೇ ಇಳಿಯುತ್ತದೆ. ಹಣ ಉಳಿಸುವುದಿದ್ದರೆ ಬಟನ್‌ನಲ್ಲಿ ಉಳಿಸಿ, ಫೇಡರ್‌ನಲ್ಲಿ ಬೇಡ.

ಪಾಟ್ ಮೇಲೆ ಬಿ10ಕೆ ಎಂದಿರಬೇಕು. ಎ ಅಕ್ಷರದ್ದು ವಾಲ್ಯೂಮ್‌ಗೆಂದು ಮಾಡಿದ್ದು, ಅರ್ಧ ತಿರುಗಿಸಿದಾಗ 64 (ಮಿಡಿ ಸಂಖ್ಯೆ 0ಯಿಂದ 127ರ ನಡು) ಬರುವ ಬದಲು ಎಲ್ಲೋ ಕೆಳಗೆ ನಿಂತಿರುತ್ತದೆ. ಬೋರ್ಡಿನಲ್ಲೂ ಎಡವಟ್ಟಾಗುತ್ತದೆ: ಊನೋ, ನ್ಯಾನೋ ಅಗ್ಗವೆಂದು ತಂದರೆ ಅವು ನೇರವಾಗಿ ಯುಎಸ್‌ಬಿ ಮಿಡಿ ಸಾಧನವಾಗಿ ಕಾಣಿಸುವುದಿಲ್ಲ, ಲ್ಯಾಪ್‌ಟಾಪಿನಲ್ಲಿ ನಡುವೆ ಇನ್ನೊಂದು ಸಾಫ್ಟ್‌ವೇರ್ ಓಡಿಸಬೇಕು. 32ಯು4 ಬೋರ್ಡಿಗೆ ಡ್ರೈವರ್ ಕೂಡ ಬೇಡ.

ಕೈಕೆಲಸ ಎಷ್ಟೆಂದು ನೋಡಿ. ಪ್ರತಿ ಪಾಟ್, ಫೇಡರ್‌ಗೆ ಮೂರು ಕಾಲು, ಅಲ್ಲಿಗೇ 48 ಸೋಲ್ಡರ್. ಬಟನ್, ಡಯೋಡ್‌ಗಳಿಗೆ ಇನ್ನೊಂದು 48. ಎಲ್‌ಇಡಿ ಬಿಡಿಬಿಡಿಯಾಗಿ ಹಾಕಿದರೆ ಒಂದಕ್ಕೆ ಆರು. ಒಟ್ಟು ಇನ್ನೂರರ ಹತ್ತಿರ. ಇದರಲ್ಲಿ ಒಂದು ಸಡಿಲವಾದರೂ ಕಾರ್ಯಕ್ರಮದ ಮಧ್ಯೆ ನಾಬ್ ತಾನೇ ಕುಣಿಯುತ್ತದೆ.

ಕೋಡ್ ಚೆನ್ನಾಗಿದೆಯೋ ಇಲ್ಲವೋ ಐದು ನಿಮಿಷದಲ್ಲಿ ತಿಳಿಯುತ್ತದೆ. ಬರುವ ಮಿಡಿ ಸಂದೇಶಗಳನ್ನು ತೋರಿಸುವ ಯಾವುದಾದರೂ ಮಿಡಿ ಮಾನಿಟರ್ ಸಾಫ್ಟ್‌ವೇರ್ ತೆರೆದಿಟ್ಟು, ನಾಬ್‌ಗಳನ್ನೆಲ್ಲ ನಡುವಿಗೆ ತಂದು ಕೈ ತೆಗೆಯಿರಿ. ಪರದೆ ಸುಮ್ಮನಿರಬೇಕು. 63, 64, 63 ಎಂದು ಓಡುತ್ತಲೇ ಇದ್ದರೆ ಕೋಡ್‌ನಲ್ಲಿ ಸಣ್ಣ ಅಲುಗಾಟವನ್ನು ತಡೆಯುವ ಭಾಗವಿಲ್ಲ ಎಂದರ್ಥ. ಆಮೇಲೆ ಯಾವ ನಾಬ್‌ಗೆ ಯಾವ ಕೆಲಸ ಎಂದು ಕಲಿಸಲು ಸಾಫ್ಟ್‌ವೇರ್‌ನಲ್ಲಿ ಮಿಡಿ ಲರ್ನ್ ಒತ್ತಿದಾಗ ನೀವು ಮುಟ್ಟದ ನಾಬ್ ಹಿಡಿದುಕೊಳ್ಳುತ್ತದೆ. ಒಂದು ನಾಬ್ ತಿರುಗಿಸಿದಾಗ ಪಕ್ಕದ್ದರ ಸಂಖ್ಯೆಯೂ ಬದಲಾದರೆ ಮಲ್ಟಿಪ್ಲೆಕ್ಸರ್ ಕಡೆಯ ತಪ್ಪು. ಕೆಲವರು ಅದರ ಔಟ್‌ಪುಟ್‌ಗೆ ಕೆಪಾಸಿಟರ್ ಹಾಕಿಬಿಡುತ್ತಾರೆ, ಹಿಂದಿನ ಚಾನೆಲ್‌ನ ವೋಲ್ಟೇಜ್ ಅದರಲ್ಲಿ ಉಳಿದು ಮುಂದಿನದಕ್ಕೆ ಸೋರುತ್ತದೆ. 100 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಇರಬೇಕಾದ್ದು ಪ್ರತಿ ಪಾಟ್‌ನ ನಡುವಿನ ಕಾಲಿನಲ್ಲಿ. ಆಮೇಲೆ ಮೂರು ನಾಲ್ಕು ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಒತ್ತದ ಬಟನ್ ಕೂಡ ಬಂದರೆ ಡಯೋಡ್ ಹಾಕಿಲ್ಲ.

ಲೈಟ್‌ಗಳ ಬಗ್ಗೆ ಖಂಡಿತ ಕೇಳಿ. ಡಬ್ಲ್ಯುಎಸ್2812 ಎಂಬ ಬಣ್ಣದ ಎಲ್‌ಇಡಿ ಪೂರ್ತಿ ಬಿಳಿ ಬೆಳಗಿದರೆ ಒಂದಕ್ಕೆ ಸುಮಾರು 60 ಮಿಲಿಆಂಪ್, ಹದಿನಾರಕ್ಕೆ 960. ಯುಎಸ್‌ಬಿ 2.0 ಪೋರ್ಟಿನ ಮಿತಿ 500. ಎಲ್ಲಾ ಲೈಟ್ ಒಮ್ಮೆಲೇ ಹತ್ತಿದಾಗ ಕಂಟ್ರೋಲರ್‌ನ ಸಂಪರ್ಕ ಕಡಿದು ಮತ್ತೆ ಸೇರಬಹುದು. ಬೆಳಕನ್ನು ಕೋಡ್‌ನಲ್ಲೇ ಮೂರನೇ ಒಂದಕ್ಕೆ ಕಟ್ಟಿಹಾಕಿದರೆ ಸಾಕು, ರಾತ್ರಿ ಅಷ್ಟೇ ಬೇಕಾಗುವುದು.

ಫೇಡರ್‌ಗಳಲ್ಲಿ ಒಂದನ್ನು ಪಿಚ್‌ಗೆ, ಎಂದರೆ ಹಾಡಿನ ವೇಗ ಬದಲಿಸಲು, ಬಳಸುವ ಯೋಚನೆ ಇದೆಯೇ? ಸಾಮಾನ್ಯ ಮಿಡಿಯಲ್ಲಿ 0ಯಿಂದ 127, ಅಷ್ಟೇ. 125 ಬಿಪಿಎಂ (ನಿಮಿಷಕ್ಕೆ ಬೀಟ್) ಹಾಡಿಗೆ ಪ್ಲಸ್ ಮೈನಸ್ 8 ಶೇಕಡಾ ಎಂದರೆ 20 ಬಿಪಿಎಂ ವ್ಯಾಪ್ತಿ. ಒಂದೊಂದು ಮೆಟ್ಟಿಲು 0.16 ಬಿಪಿಎಂ ಹತ್ತಿರ ಬರುತ್ತದೆ. ಕಿವಿಯಿಂದ ಬೀಟ್ ಕೂಡಿಸಿದರೆ ಸ್ವಲ್ಪ ಹೊತ್ತಿಗೇ ಜಾರುತ್ತದೆ. ಇದಕ್ಕೆ 14 ಬಿಟ್ ಸಂದೇಶ ಬೇಕು, ಆದರೆ ಬೋರ್ಡಿನ ಒಳಗಿರುವ 10 ಬಿಟ್ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) 14 ಬಿಟ್‌ನ ಪೂರ್ತಿ ನಿಖರತೆ ಕೊಡುವುದಿಲ್ಲ. ಸಾಫ್ಟ್‌ವೇರೇ ಬೀಟ್ ಕೂಡಿಸುವ ಸಿಂಕ್ ಬಳಸುವವರಾದರೆ ಈ ಚಿಂತೆ ಬಿಟ್ಟುಬಿಡಿ.

ಪ್ಯಾನೆಲ್‌ಗೆ ಹೊರಗೆ ಹೋಗಬೇಕಿಲ್ಲ. ನಾಮಫಲಕ ಮಾಡುವ ಲೇಸರ್ ಕಟಿಂಗ್‌ನವರು ಕೋರಲ್ ಡ್ರಾ ಫೈಲ್ ಕೊಟ್ಟರೆ ಕತ್ತರಿಸಿಕೊಡುತ್ತಾರೆ. ಫೇಡರ್, ಮಲ್ಟಿಪ್ಲೆಕ್ಸರ್ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಅಥವಾ ಆನ್‌ಲೈನ್. ಕತ್ತರಿಸುವ ಮೊದಲು ಅದೇ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಯಿಟ್ಟು ನೋಡಿ. ನಾಬ್‌ಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 25 ಮಿ.ಮೀ.ಗಿಂತ ಕಡಿಮೆಯಾದರೆ ಬೆರಳು ಪಕ್ಕದ್ದಕ್ಕೆ ತಾಗುತ್ತದೆ. 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಬಟನ್ ತೂತುಗಳ ಮಧ್ಯೆ 10 ಮಿ.ಮೀ. ಬಿಡದಿದ್ದರೆ ನಟ್ ಬಿಗಿಯುವಾಗಲೇ ಸೀಳು ಬಿಡುತ್ತದೆ.

ಮೈಕ್ರೋ ಯುಎಸ್‌ಬಿ ಇರುವ ಪ್ರೋ ಮೈಕ್ರೋದಲ್ಲಿ ಆ ಸಾಕೆಟ್ಟೇ ಎಲ್ಲಕ್ಕಿಂತ ದುರ್ಬಲ. ಕೇಬಲ್ ಒಮ್ಮೆ ಯಾರದೋ ಕಾಲಿಗೆ ಸಿಕ್ಕರೆ ತಾಮ್ರದ ಪಟ್ಟಿಯ ಸಮೇತ ಕಿತ್ತು ಬರುತ್ತದೆ. ಡಬ್ಬಿಯ ಹಿಂಬದಿಗೆ ಸ್ಕ್ರೂ ಹಾಕಿ ಕೂರಿಸುವ ದಪ್ಪ ಯುಎಸ್‌ಬಿ ಬಿ ಸಾಕೆಟ್ ಹಾಕಿಸಿ, ಬೋರ್ಡನ್ನು ಪಿನ್ ಸಾಕೆಟ್ ಮೇಲೆ ಕೂರಿಸಿಕೊಡಲು ಹೇಳಿ. ಮುಂಗಡ ಕೊಡುವ ಮುಂಚೆಯೇ ಕೋಡ್‌ನ ಫೈಲ್, ವೈರಿಂಗ್ ಚಿತ್ರ, ಎರಡು ಹೆಚ್ಚುವರಿ ಪಾಟ್, ಒಂದು ಫೇಡರ್, ಕೋಡ್ ತುಂಬಿಸಿದ ಇನ್ನೊಂದು ಬೋರ್ಡ್ ಆ 22,000ದಲ್ಲೇ ಸೇರಿದೆ ಎಂದು ಬರೆಸಿಕೊಳ್ಳಿ. ಕೋಡ್ ಕೊಡುವುದಿಲ್ಲ ಎಂದರೆ ನಾಳೆ ಒಂದು ಬಟನ್ ಕಳಿಸುವ ಮಿಡಿ ಸಂದೇಶ ಬದಲಿಸಲೂ ಅವರ ಬಳಿಯೇ ಹೋಗಬೇಕು, ಆಗ 15,000ಕ್ಕಿಂತ ಮೇಲೆ ಕೊಡಬೇಡಿ.