ಮಕ್ಕಳ ಫೀಸು, ಮಗಳ ಎಫ್‌ಡಿ: ತೆರಿಗೆ ಯಾರ ಲೆಕ್ಕಕ್ಕೆ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದೇವೆ. ಇಬ್ಬರು ಮಕ್ಕಳ ಶಾಲಾ ಫೀಸನ್ನು ತೆರಿಗೆಯಲ್ಲಿ ಯಾರು ತೋರಿಸಬೇಕು? 12 ವರ್ಷದ ಮಗಳ ಹೆಸರಿನ ಎಫ್‌ಡಿಗೆ ವರ್ಷಕ್ಕೆ 20,000 ರೂಪಾಯಿ ಬಡ್ಡಿ ಬರುತ್ತದೆ. ಅದಕ್ಕೂ ತೆರಿಗೆ ಇದೆಯೇ?
– ಓದುಗರು, ಉಡುಪಿ

ಉತ್ತರ: ಮೊದಲು ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ನೋಡಿ. ಫೀಸಿನ ಕಡಿತ, ಅಂದರೆ ತೆರಿಗೆ ಲೆಕ್ಕ ಹಾಕುವ ಆದಾಯದಿಂದ ಅಷ್ಟು ಮೊತ್ತ ಕಳೆಯುವ ಅವಕಾಶ, ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯಿಸುತ್ತದೆ.

ಹಳೆಯದರಲ್ಲಿ ಪಿಎಫ್, ಎಲ್‌ಐಸಿ ಎಲ್ಲ ಸೇರಿ ಒಬ್ಬರಿಗೆ 1.5 ಲಕ್ಷದ ಮಿತಿ. ಫೀಸೂ ಅದರೊಳಗೇ ಬರಬೇಕು. ನಿಮ್ಮಲ್ಲಿ ಒಬ್ಬರ ಮಿತಿ ಪಿಎಫ್‌ನಲ್ಲೇ ತುಂಬಿದ್ದರೆ ಫೀಸನ್ನು ಇನ್ನೊಬ್ಬರು ತಮ್ಮ ಖಾತೆಯಿಂದಲೇ ಕಟ್ಟಲಿ, ಕಟ್ಟಿದವರಿಗೇ ಕಡಿತ. ಒಂದೇ ರಸೀದಿಯನ್ನು ಇಬ್ಬರೂ ತೋರಿಸುವಂತಿಲ್ಲ. ಹೆಚ್ಚಿನವರು ಎಡವುವುದು ರಸೀದಿಯಲ್ಲೇ. ಬೋಧನಾ ಶುಲ್ಕಕ್ಕೆ ಮಾತ್ರ ಕಡಿತ. ಶಾಲಾ ಬಸ್ಸು, ಹಾಸ್ಟೆಲ್, ಡೊನೇಷನ್, ಅಭಿವೃದ್ಧಿ ಶುಲ್ಕ ಲೆಕ್ಕಕ್ಕಿಲ್ಲ. ಒಟ್ಟು ಮೊತ್ತವಷ್ಟೇ ಇರುವ ರಸೀದಿ ಕೊಟ್ಟರೆ, ಬಿಡಿಬಿಡಿಯಾಗಿ ಬರೆದದ್ದನ್ನು ಶಾಲಾ ಕಚೇರಿಯಿಂದ ಕೇಳಿ ಪಡೆಯಿರಿ.

ಮಗಳ ಬಡ್ಡಿ ನಿಮ್ಮಿಬ್ಬರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರುತ್ತದೆ. ಹಳೆಯ ಪದ್ಧತಿಯಲ್ಲಿ ಮಗುವೊಂದಕ್ಕೆ 1,500 ರೂಪಾಯಿ ಬಿಟ್ಟು 18,500ಕ್ಕೆ ತೆರಿಗೆ. ಹೊಸದರಲ್ಲಿ ಪೂರ್ತಿ 20,000ಕ್ಕೆ. ಬ್ಯಾಂಕು ಟಿಡಿಎಸ್ (ಬಡ್ಡಿ ಕೊಡುವಾಗಲೇ ಕಳೆಯುವ ತೆರಿಗೆ) ಹಿಡಿದಿಲ್ಲವೆಂದು ರಿಟರ್ನ್‌ನಲ್ಲಿ ಬಿಟ್ಟುಬಿಡಬೇಡಿ, ದಯವಿಟ್ಟು. ಸುಕನ್ಯಾ ಸಮೃದ್ಧಿ ಖಾತೆಯ ಬಡ್ಡಿಗಾದರೆ ಎರಡೂ ಪದ್ಧತಿಯಲ್ಲಿ ತೆರಿಗೆಯಿಲ್ಲ.

ಮಗಳು ಯಕ್ಷಗಾನದಲ್ಲಿ ವೇಷ ಮಾಡಿ ಸಂಭಾವನೆ ಪಡೆದರೆ ಅದು ಅವಳ ಸ್ವಂತ ಪ್ರತಿಭೆಯ ಗಳಿಕೆ, ನಿಮ್ಮ ಆದಾಯಕ್ಕೆ ಸೇರದು. ಆ ಹಣವನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರ ಸೇರುತ್ತದೆ.